ದೊಡ್ಡಪ್ಪನ ಮಂಡಿಯ ಡಾಸು

ಕಳೆದ ದೀಪಾವಳಿಗೆ ಇನ್ನೂ ಎರಡು ವಾರ ಇರುವಾಗ ಸಾಗರದಿಂದ ಅಣ್ಣ ಫೋನ್ ಮಾಡಿದ. ಅಣ್ಣ ಅಂದರೆ ದೊಡ್ಡಪ್ಪನ ಮಗ. "ಮಂಡಿ ಕಂಪ್ಯೂಟ್ರು ಏಳ್ತಾ ಇಲ್ಲ ಮಾರಾಯ, ಒಳಗೆ ಟಿಕ್ ಟಿಕ್ ಅಂತ ಶಬ್ದ ಬರ್ತಾ ಇದೆ" ಅಂದ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಓದಿದವನು ಅಂದರೆ ಟಿವಿ ರಿಮೋಟಿನಿಂದ ಯುಪಿಎಸ್ ತನಕ ಎಲ್ಲಕ್ಕೂ ಡಾಕ್ಟರು. ನಿಮ್ಮ ಮನೆಗಳಲ್ಲೂ ಹಾಗೇ ಇದ್ದೀತು :-)

ದೊಡ್ಡಪ್ಪನದು ಅಡಿಕೆ ಮಂಡಿ. ರೈತರು ಚಾಲಿ, ರಾಶಿ ತಂದು ಹಾಕುತ್ತಾರೆ, ಮಳೆಗಾಲದಲ್ಲಿ ಕೈಗಡ ತೆಗೆದುಕೊಂಡಿರುತ್ತಾರೆ, ಅಡಿಕೆ ಮಾರಾಟವಾದಾಗ ಅದು ವಜಾ ಆಗುತ್ತದೆ. ಈ ಖಾತೆಗಳನ್ನೆಲ್ಲ ನೋಡಿಕೊಳ್ಳುವುದು 1996ರಲ್ಲಿ ಶಿವಮೊಗ್ಗದ ಯಾರೋ ಒಬ್ಬರು ಫಾಕ್ಸ್‌ಪ್ರೊದಲ್ಲಿ ಬರೆದುಕೊಟ್ಟ ಪ್ರೋಗ್ರಾಮು. ಅದು ನನಗಿಂತ ದೊಡ್ಡದು! ಕಪ್ಪು ಪರದೆ, ಎರಡು ಗೆರೆಯ ಚೌಕಟ್ಟು, ಒಳಗೆ ಏಳು ಆಯ್ಕೆ. ಜಿಎಸ್‌ಟಿ ಬಂದಾಗ (2017) ಬಿಲ್ಲಿನ ಕೆಲಸ ಆಡಿಟರ ಆಫೀಸಿಗೆ ಹೋಯಿತು, ರೈತರ ಖಾತೆ ಮಾತ್ರ ಇದರಲ್ಲೇ ಉಳಿಯಿತು. ದೊಡ್ಡಪ್ಪ ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚಿ, ಕಂಪ್ಯೂಟರ್ ಹಾಕಿ, ಮೌಸನ್ನು ಆಚೆ ಸರಿಸಿ ಕೂರುತ್ತಾರೆ. ಬೆರಳುಗಳಿಗೆ ದಾರಿ ಗೊತ್ತು. 3, ಎಂಟರ್, ಖಾತೆ ನಂಬರು, ಎಂಟರ್. ಅಷ್ಟರಲ್ಲಿ ರೈತ ಬೆಂಚಿನ ಮೇಲೆ ಕೂತೂ ಆಗಿರುವುದಿಲ್ಲ.

ನಾನು ಊರಿಗೆ ಹೋಗುವಷ್ಟರಲ್ಲಿ ಅಣ್ಣ ಹೊಸ ಲ್ಯಾಪ್‌ಟಾಪ್ ತಂದಾಗಿತ್ತು. ಬ್ಯಾಕಪ್ ಪೆನ್ ಡ್ರೈವಿನಿಂದ ಪ್ರೋಗ್ರಾಮ್ ಹಾಕಿ ಒತ್ತಿದರೆ, ಇದು ನಿಮ್ಮ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ ಎಂಬ ಸಂದೇಶ. ಇದರಲ್ಲಿ ಅಣ್ಣನ ತಪ್ಪಿಲ್ಲ. 32 ಬಿಟ್ ವಿಂಡೋಸಿನೊಳಗೆ ಡಾಸ್ ಪ್ರೋಗ್ರಾಮುಗಳಿಗೆಂದೇ ಒಂದು ನಕಲಿ ಡಾಸ್ ಕೂತಿತ್ತು. ಪ್ರೊಸೆಸರ್ 64 ಬಿಟ್ ರೀತಿಯಲ್ಲಿ ಓಡುವಾಗ ಆ ಹಳೆಯ 8086 ವೇಷ ಹಾಕುವುದಿಲ್ಲ, ಹಾಗಾಗಿ 64 ಬಿಟ್ ವಿಂಡೋಸಿನಿಂದ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರಿಗೆ ಮುಗಿಯಿತು.

ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಬೆಂಗಳೂರಿಗೆ ತಂದೆ. ಎರಡು ರಾತ್ರಿ ಲಿನಕ್ಸಿಗೆ ಕಟ್ಟಿ ಕೂರಿಸಿದ ಮೇಲೆ ಪುಣ್ಯಕ್ಕೆ ಎಲ್ಲ ಫೈಲೂ ಬಂತು. ಇಪ್ಪತ್ತೆಂಟು ಇಪ್ಪತ್ತೊಂಬತ್ತು ವರ್ಷದ ಲೆಕ್ಕ, ಒಟ್ಟು 11 ಎಂಬಿ. ನನ್ನ ಮೊಬೈಲಿನ ಮೂರು ಫೋಟೊ ಅಷ್ಟಾಗುತ್ತದೆ. ಎಸ್.ಪಿ. ರೋಡಿನಲ್ಲಿ ಹುಡುಕಿ, ಹಿಂದುಗಡೆ ಅಗಲವಾದ ಪ್ರಿಂಟರ್ ಪೋರ್ಟ್ ಇರುವ ಹಳೆಯದೊಂದು ಡೆಸ್ಕ್‌ಟಾಪ್ ತಂದು ಫ್ರೀಡಾಸ್ ಹಾಕಿದೆ. ಮೊದಲ ಸಲ 'ಬಹಳ ಫೈಲು ತೆರೆದಿವೆ' ಅಂತ ಫಾಕ್ಸ್‌ಪ್ರೊ ಮುನಿಸಿಕೊಂಡಿತು. ಕಾನ್ಫಿಗ್ ಫೈಲಿನಲ್ಲಿ ಫೈಲ್ಸ್ ಎಂಬುದರ ಮುಂದೆ 60 ಬರೆದೆ, ಸುಮ್ಮನಾಯಿತು. ಅದೇ ಚೌಕಟ್ಟು, ಅದೇ ಏಳು ಆಯ್ಕೆ. 2 ಜಿಬಿ ಮೆಮೊರಿಯ ಯಂತ್ರ ತನ್ನಲ್ಲಿ 640 ಕೆಬಿ ಇದೆ ಅಂದುಕೊಂಡು ಸಂತೋಷವಾಗಿದೆ.

ಫ್ರೀಡಾಸ್ ಅಂದಕೂಡಲೇ ಕೆಲವರಿಗೆ ನೆನಪಾಗಿರಬಹುದು, ನಮ್ಮಲ್ಲಿ 'ಡಾಸ್ ಲ್ಯಾಪ್‌ಟಾಪ್' ಅಂತ ನಾಲ್ಕೈದು ಸಾವಿರ ಕಮ್ಮಿಗೆ ಮಾರುತ್ತಿದ್ದರಲ್ಲ, ಅದೇ. ಅದನ್ನು ಕೊಂಡ ಯಾರೂ ಡಾಸ್ ಬಳಸಿದ್ದನ್ನು ನಾನು ನೋಡಿಲ್ಲ, ಅಂಗಡಿಯಿಂದ ಹೊರಡುವ ಮೊದಲೇ ಇನ್ನೊಂದು ಸಿಡಿ ಒಳಗೆ ಹೋಗಿರುತ್ತಿತ್ತು! ಆದರೆ ಅದರ ಹಿಂದೆ ನಿಜವಾದ ಕಥೆಯಿದೆ.

ಆ ಕಥೆಗೆ 1980ಕ್ಕೆ ಹೋಗಬೇಕು. ಅಮೆರಿಕದ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಸಣ್ಣ ಕಂಪನಿ ಇಂಟೆಲ್ 8086 ಚಿಪ್ಪಿನ ಬೋರ್ಡ್ ಮಾಡಿ ಮಾರಲು ಹೊರಟಿತ್ತು. ಬೋರ್ಡ್ ಸಿದ್ಧ, ಅದರ ಮೇಲೆ ಓಡುವುದಕ್ಕೆ ಏನೂ ಇಲ್ಲ. ಆಗ ಸಣ್ಣ ಕಂಪ್ಯೂಟರುಗಳ ಲೋಕವನ್ನು ಆಳುತ್ತಿದ್ದದ್ದು ಗ್ಯಾರಿ ಕಿಲ್ಡಾಲ್ 1974ರಲ್ಲಿ ಬರೆದ ಸಿಪಿ/ಎಂ. ಅದರ 8086 ಆವೃತ್ತಿ ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ಮುಂದೆ ಹೋಗುತ್ತಲೇ ಇತ್ತು. ಕಾದು ಸಾಕಾಗಿ, ಇಪ್ಪತ್ನಾಲ್ಕರ ಹುಡುಗ ಟಿಮ್ ಪ್ಯಾಟರ್ಸನ್ ತಾನೇ ಬರೆಯಲು ಕೂತ. ಹೆಸರು ಕ್ಯೂಡಾಸ್. ಅದರ ವಿಸ್ತಾರದ ಅರ್ಥ 'ಅವಸರದ, ಒರಟು ಆಪರೇಟಿಂಗ್ ಸಿಸ್ಟಮ್' ಅಂತ! ಅಸಲಿ ಬರುವ ತನಕ ಕೆಲಸ ಸಾಗಲಿ ಎಂಬ ಲೆಕ್ಕ. ಸಿಪಿ/ಎಂ ಪ್ರೋಗ್ರಾಮುಗಳನ್ನು ಸುಲಭವಾಗಿ ತರುವಂತಿರಲಿ ಎಂದು ಆತ ಅದರ ಕೈಪಿಡಿಯನ್ನು ಎದುರಿಗಿಟ್ಟುಕೊಂಡು ಅದೇ ಸೇವೆಗಳನ್ನು ಒದಗಿಸಿದ. ಫೈಲುಗಳನ್ನು ಡಿಸ್ಕಿನಲ್ಲಿ ಇಡುವ ಕ್ರಮವನ್ನು ಮಾತ್ರ ಅಲ್ಲಿಂದ ತೆಗೆದುಕೊಳ್ಳಲಿಲ್ಲ, ಮೈಕ್ರೋಸಾಫ್ಟಿನ ಮಾರ್ಕ್ ಮೆಕ್‌ಡೊನಾಲ್ಡ್ 1977ರಲ್ಲಿ ಮಾಡಿದ್ದ ಫ್ಯಾಟ್ ಪದ್ಧತಿಯನ್ನು ಹಿಡಿದ. ನಿಮ್ಮ ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡುವಾಗ ಇವತ್ತಿಗೂ ಕಾಣುವ ಫ್ಯಾಟ್ 32 ಅದರ ಮೊಮ್ಮಗ.

ಮುಂದಿನದು ನಿಮಗೆ ಗೊತ್ತಿರುವ ಕಥೆ. ಐಬಿಎಂ ತನ್ನ ಪಿಸಿಗೆ ಆಪರೇಟಿಂಗ್ ಸಿಸ್ಟಮ್ ಹುಡುಕುತ್ತಿತ್ತು, ಮೈಕ್ರೋಸಾಫ್ಟ್ 1981ರ ಜುಲೈನಲ್ಲಿ ಇದರ ಪೂರ್ತಿ ಹಕ್ಕನ್ನು 50,000 ಡಾಲರಿಗೆ ಕೊಂಡಿತು, ಆಗಸ್ಟ್ 12ಕ್ಕೆ ಐಬಿಎಂ ಪಿಸಿ ಬಿಡುಗಡೆಯಾಯಿತು. ಕಿಲ್ಡಾಲನ ಅಸಲಿಯೂ ಅದೇ ಪಿಸಿಗೆ ಬಂತು, ಆದರೆ ಅದರ ಬೆಲೆ 240 ಡಾಲರು, ಡಾಸ್ 40 ಡಾಲರು. ನೀವಾದರೆ ಯಾವುದು ಕೊಳ್ಳುತ್ತಿದ್ದಿರಿ?

ಅವಸರದ ಗುರುತುಗಳು ಈಗಲೂ ಉಳಿದಿವೆ. ಡಾಸ್ 1ರಲ್ಲಿ ಫೋಲ್ಡರ್ ಎಂಬುದೇ ಇರಲಿಲ್ಲ. 1983ರಲ್ಲಿ ಡಾಸ್ 2ಕ್ಕೆ ಫೋಲ್ಡರ್ ತರುವಾಗ ಯುನಿಕ್ಸಿನ ಹಾಗೆ ಮುಂದಕ್ಕೆ ಬಾಗಿದ ಗೆರೆ ಹಾಕಬೇಕಿತ್ತು, ಅದು ಅಷ್ಟರಲ್ಲಿ ಕಮಾಂಡಿನ ಆಯ್ಕೆಗಳಿಗೆ ಬಳಕೆಯಾಗಿಬಿಟ್ಟಿತ್ತು, ಹಿಂದಕ್ಕೆ ಬಾಗಿದ ಗೆರೆ ಬಂತು. 'ವಿಂಡೋಸಿನಲ್ಲಿ ಕಾನ್ ಎಂಬ ಹೆಸರಿನ ಫೋಲ್ಡರ್ ಮಾಡಲು ಆಗುವುದಿಲ್ಲ, ಯಾಕೆಂದು ಮೈಕ್ರೋಸಾಫ್ಟಿಗೇ ಗೊತ್ತಿಲ್ಲ' ಎಂಬ ಫಾರ್ವರ್ಡ್ ಮೇಲ್ ಒಂದು ಕಾಲದಲ್ಲಿ ದೇಶಕ್ಕೆಲ್ಲ ಸುತ್ತಿತ್ತಲ್ಲ? ಮೈಕ್ರೋಸಾಫ್ಟಿಗೆ ಚೆನ್ನಾಗಿಯೇ ಗೊತ್ತಿತ್ತು. ಕೀಬೋರ್ಡು-ಪರದೆಗೆ ಕಾನ್, ಪ್ರಿಂಟರಿಗೆ ಪಿಆರ್‌ಎನ್ ಎಂದು ಡಾಸ್ ಹೆಸರು ಮೀಸಲಿಟ್ಟಿತ್ತು, ಫೋಲ್ಡರ್ ಇಲ್ಲದ ಕಾಲದ ಮೀಸಲಾತಿಯಾದ್ದರಿಂದ ಅದು ಎಲ್ಲ ಫೋಲ್ಡರುಗಳಿಗೂ ಅನ್ವಯಿಸಿತು.

ಈ ಪಿಆರ್‌ಎನ್ ವ್ಯವಹಾರದಿಂದಲೇ ನಮ್ಮ ಮಂಡಿ ಡಾಸನ್ನು ಬಿಡುವುದಿಲ್ಲ. ಫೈಲನ್ನು ಪಿಆರ್‌ಎನ್‌ಗೆ ಕಾಪಿ ಮಾಡಿದರೆ ಪ್ರಿಂಟ್ ಆಗುತ್ತದೆ, ಅಷ್ಟೇ. ಡ್ರೈವರ್ ಇಲ್ಲ, 'ಪ್ರಿಂಟರ್ ಆಫ್‌ಲೈನ್' ಇಲ್ಲ. 15 ಎಂಬ ಒಂದು ಬೈಟ್ ಮೊದಲು ಕಳಿಸಿದರೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಅಕ್ಷರಗಳನ್ನು ಒತ್ತೊತ್ತಾಗಿ ಹೊಡೆಯುತ್ತದೆ. ಕಾರ್ಬನ್ ಹಾಕಿದ ಮೂರು ಪ್ರತಿ ಒಂದೇ ಏಟಿಗೆ. ಲೇಸರ್ ಪ್ರಿಂಟರಿನಲ್ಲಿ ಕಾರ್ಬನ್ ಪ್ರತಿ ತೆಗೆಯಿರಿ ನೋಡೋಣ! ಇದು ಹಳೆಯದರ ಮೋಹ ಅಲ್ಲ. ದೊಡ್ಡಪ್ಪನಿಗೆ ಹಳೆಯ ವಸ್ತುಗಳ ಮೇಲೆ ಪ್ರೀತಿಯೇನೂ ಇಲ್ಲ, ಅಜ್ಜನ ಹಿತ್ತಾಳೆ ಹಂಡೆಗಳನ್ನೆಲ್ಲ ಮಾರಿ ಸ್ಟೀಲ್ ತಂದ ಮನುಷ್ಯ. ಮಾಡಬೇಕಾದ ಕೆಲಸ ಆಗಿ ಮುಗಿಯುತ್ತದೆ, ಮಧ್ಯೆ ಯಾರೂ ಮಾತಾಡಿಸುವುದಿಲ್ಲ. ಅವರಿಗೆ ಬೇಕಾದ್ದು ಅಷ್ಟೇ. ಅತ್ತ ಅಮೆರಿಕದಲ್ಲಿ ಜಾರ್ಜ್ ಆರ್.ಆರ್. ಮಾರ್ಟಿನ್ ಎಂಬ ಕಾದಂಬರಿಕಾರರು ತಮ್ಮ ದಪ್ಪ ದಪ್ಪ ಪುಸ್ತಕಗಳನ್ನು ಡಾಸಿನ ವರ್ಡ್‌ಸ್ಟಾರ್ 4ರಲ್ಲೇ ಬರೆಯುವುದಾಗಿ 2014ರಲ್ಲಿ ಟಿವಿಯಲ್ಲಿ ಹೇಳಿದ್ದರು, ಕಾರಣ ಹೆಚ್ಚುಕಮ್ಮಿ ಇದೇ. (ಅವರ ಮುಂದಿನ ಪುಸ್ತಕ ತಡವಾಗುತ್ತಿರುವುದು ಡಾಸಿನ ದೋಷವಲ್ಲ.)

ಇಷ್ಟೆಲ್ಲ ಉಳಿದಿರುವುದಕ್ಕೆ ಇನ್ನೊಬ್ಬ ಹುಡುಗನೂ ಕಾರಣ. 1994ರಲ್ಲಿ ಮೈಕ್ರೋಸಾಫ್ಟ್ ಕೊನೆಯ ಬಿಡಿ ಡಾಸ್ 6.22 ಹೊರತಂದಿತು, ಮುಂದಿನ ವಿಂಡೋಸ್ ಬಂದರೆ ಡಾಸ್ ಬೇಡ ಎಂಬ ಸೂಚನೆಯೂ ಬಂದಿತ್ತು. ವಿಸ್ಕಾನ್ಸಿನ್‌ನಲ್ಲಿ ಭೌತಶಾಸ್ತ್ರ ಓದುತ್ತಿದ್ದ ಜಿಮ್ ಹಾಲ್ ತನ್ನ ಲ್ಯಾಬಿನ ಲೆಕ್ಕಗಳಿಗೆಲ್ಲ ಡಾಸನ್ನೇ ನೆಚ್ಚಿದ್ದ. ಅವರು ಬಿಟ್ಟರೆ ನಾವೇ ಬರೆಯೋಣ ಎಂದು ಅದೇ ವರ್ಷ ಜೂನ್ 29ಕ್ಕೆ ಸಾರಿದ. ಪ್ಯಾಟ್ ವಿಲ್ಲಾನಿ ಕರ್ನಲ್ ಕೊಟ್ಟರು, ಟಿಮ್ ನಾರ್ಮನ್ ಕಮಾಂಡುಗಳನ್ನು ಓದುವ ಭಾಗ ಬರೆದರು. 1.0 ಎಂಬ ಸಂಖ್ಯೆ ಮುಟ್ಟಲು 2006 ಆಯಿತು, ಹನ್ನೆರಡು ವರ್ಷ. 1.4 ಬಂದದ್ದು 2025ರ ಏಪ್ರಿಲಿನಲ್ಲಿ. ಜಿಮ್ ಹಾಲ್ ಹೀಗೆ ಸಾರಿದ ಎರಡೇ ವಾರಕ್ಕೆ, ಜುಲೈ 11ರಂದು, ಗ್ಯಾರಿ ಕಿಲ್ಡಾಲ್ ತೀರಿಕೊಂಡರು. ಮೈಕ್ರೋಸಾಫ್ಟ್ ತಾನೂ 2014ರಲ್ಲಿ ಡಾಸ್ 1.25 ಮತ್ತು 2.11ರ ಮೂಲವನ್ನು, 2024ರಲ್ಲಿ 4.00ರ ಮೂಲವನ್ನು ಹೊರಗಿಟ್ಟಿತು. ಓದಿ ನೋಡಿ, ಅಸೆಂಬ್ಲಿ. ನಮ್ಮ 8086 ಲ್ಯಾಬ್ ಪರೀಕ್ಷೆಯ ಬೆವರು ನೆನಪಾಗುತ್ತದೆ.

ಮಂಡಿಗೆ ಕಳಿಸುವ ಮುಂಚೆ ಪರೀಕ್ಷೆಗೆಂದು ನಾನೂ ಒಂದು ವಾರ ನನ್ನ ಸ್ವಂತ ಕೆಲಸಗಳನ್ನು ಆ ಯಂತ್ರದಲ್ಲಿ ಮಾಡಿದೆ. ಮನೆ ಖರ್ಚು, ಆಫೀಸಿನ ಟಿಪ್ಪಣಿ, ಒಂದು ಸಣ್ಣ ಪ್ರೋಗ್ರಾಮು. ಮೂರು ದಿನ ಸ್ವರ್ಗ. ಒತ್ತಿದರೆ ಏಳುತ್ತದೆ, ಅಪ್‌ಡೇಟ್ ಕೇಳುವುದಿಲ್ಲ, ಒಂದು ಸಲಕ್ಕೆ ಒಂದೇ ಕೆಲಸ. ನಾಲ್ಕನೇ ದಿನ ಇದೇ ಬರಹ ಶುರು ಮಾಡೋಣ ಅಂತ ಕೂತೆ. ಸಿ:\> ಅಂತ ಗೆರೆ ಮಿಣುಕುತ್ತಿದೆ. ಕನ್ನಡ ಎಲ್ಲಿಂದ ತರಲಿ?

ವಿಜಿಎ ಪರದೆಯ ಅಕ್ಷರಕ್ಕೆ ಎಂಟೋ ಒಂಬತ್ತೋ ಚುಕ್ಕೆ ಅಗಲ, ಹದಿನಾರು ಚುಕ್ಕೆ ಎತ್ತರದ ಒಂದೇ ಅಳತೆಯ ಗೂಡು. ಅಂಥ ಗೂಡುಗಳಲ್ಲಿ ಕೂರಿಸಲು 256 ಆಕಾರ, ಹಿಗ್ಗಿಸಿದರೆ 512. 'ಸ್ತ್ರೀ' ಎಂಬ ಒಂದು ಅಕ್ಷರವನ್ನು ಅದರೊಳಗೆ ತೂರಿಸಿ ನೋಡಿ, ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಯ ಮೇಲೆ ನಿಲ್ಲುತ್ತವೆ. ಆ ಕಾಲದಲ್ಲೂ ಇದಕ್ಕೆ ಪರಿಹಾರ ಇರಲಿಲ್ಲವೆಂದಲ್ಲ. ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಪಿಸಿಯೊಳಗೆ ಸಿಕ್ಕಿಸಿದರೆ ಡಿಬೇಸ್, ವರ್ಡ್‌ಸ್ಟಾರ್ ಕೂಡ ಕನ್ನಡ ತೋರಿಸುತ್ತಿದ್ದವು. ಅದರ ಸಂಕೇತಕ್ರಮ ಇಸ್ಕಿ 1991ರಲ್ಲಿ ಭಾರತೀಯ ಮಾನಕವಾಯಿತು, ನಾವೀಗ ಬರೆಯುವ ಯುನಿಕೋಡ್ ಕನ್ನಡದ ಅಕ್ಷರಗಳ ಸಾಲು ಅದರ ಹಿಂದಿನ ಆವೃತ್ತಿಯಿಂದಲೇ ಬಂದದ್ದು. ಆದರೆ ಸಾಗರದ ಅಡಿಕೆ ಮಂಡಿಗೆ ಜಿಸ್ಟ್ ಕಾರ್ಡ್ ಯಾರು ತರುತ್ತಾರೆ? ವಿಂಡೋಸಿನಲ್ಲಿ ಕನ್ನಡ ಮೂಡಲು 2001ರ ಎಕ್ಸ್‌ಪಿ ಬರಬೇಕಾಯಿತು. ಅಷ್ಟರಲ್ಲಿ ದೊಡ್ಡಪ್ಪ ಐದು ವರ್ಷದ ಖಾತೆಯನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಕನ್ನಡದಲ್ಲೇ ಬರೆದಾಗಿತ್ತು.

ಇನ್ನು ನಾನು ಮಾಡಿದ ಅವಾಂತರಕ್ಕೆ ಬರುತ್ತೇನೆ.

ಫ್ರೀಡಾಸ್ ಎಷ್ಟು ದಿನ ಅಂತ, ಎಲ್ಲ ಖಾತೆಯನ್ನೂ ಹೊಸ ಲ್ಯಾಪ್‌ಟಾಪಿನ ಎಕ್ಸೆಲ್ಲಿಗೆ ತೆಗೆದುಕೊಡು ಅಂತ ಅಣ್ಣ ಕೇಳಿದ. ಡಿಬಿಎಫ್ ಫೈಲು ಎಷ್ಟು ಸರಳ ಎಂದರೆ ಗ್ರಂಥಾಲಯದ ಕೋಡ್ ಯಾಕೆ, ನಾನೇ ಓದುತ್ತೇನೆ ಅಂತ ನಲವತ್ತು ಸಾಲಿನ ಪೈಥಾನ್ ಬರೆದೆ. ಮೊದಲ 32 ಬೈಟ್ ತಲೆಬರಹ, ಆಮೇಲೆ ಅಂಕಣಗಳ ವಿವರ, ಆಮೇಲೆ ದಾಖಲೆಗಳು ಸಾಲಾಗಿ. ಓದಿ ನೋಡಿದರೆ ನಮ್ಮ ಮಂಡಿಯಲ್ಲಿ 1901ರಲ್ಲಿ, 1907ರಲ್ಲಿ, 1912ರಲ್ಲೆಲ್ಲ ಅಡಿಕೆ ವ್ಯಾಪಾರ ನಡೆದಿದೆ! ವರ್ಷಕ್ಕೆ ಎರಡೇ ಅಂಕೆ ಕೊಟ್ಟರೆ ಆಗಿನ ಫಾಕ್ಸ್‌ಪ್ರೊ ಹಿಂದೆ 19 ಸೇರಿಸಿಕೊಳ್ಳುತ್ತದೆ, ಪರದೆಯಲ್ಲಿ ಕೊನೆಯ ಎರಡಂಕೆ ಮಾತ್ರ ತೋರಿಸುತ್ತದೆ. ಹಾಗಾಗಿ ಇಷ್ಟು ವರ್ಷ ಯಾರಿಗೂ ಗೊತ್ತೇ ಆಗಿರಲಿಲ್ಲ. ವರ್ಷಕ್ಕೊಂದು ಫೈಲ್ ಇದ್ದದ್ದರಿಂದ ಲೆಕ್ಕ ಕೆಡಲಿಲ್ಲ. '99ರಿಂದ 2000ಕ್ಕೆ ದಾಟಿದ ಒಂದು ಸಾಲಿನ ಬಡ್ಡಿ ಮಾತ್ರ ಕೈಯಲ್ಲೇ ಹಾಕಿದ್ದೆ ಅಂತ ದೊಡ್ಡಪ್ಪ ನೆನಪಿಸಿಕೊಂಡರು. ಇದನ್ನು ಹಿಡಿದೆನಲ್ಲ ಎಂಬ ಹೆಮ್ಮೆಯಲ್ಲಿ ಇನ್ನೊಂದನ್ನು ನೋಡದೇ ಹೋದೆ. ಪ್ರತಿ ದಾಖಲೆಯ ಮುಂದೆ ಒಂದು ಬೈಟ್ ಖಾಲಿ ಇರುತ್ತದೆ. ಖಾಲಿ ತಾನೇ ಅಂತ ಹಾರಿಸಿಬಿಟ್ಟೆ.

ಪಟ್ಟಿ ಅಣ್ಣನ ಕೈಗೆ ಹೋಯಿತು. ಹಳೆಯ ಕೈಗಡ ಬಾಕಿ ಇರುವವರು 41 ಜನ, ಒಟ್ಟು ಮೂರು ಲಕ್ಷ ಚಿಲ್ಲರೆ. ಅಪ್ಪ ಹೇಳಿಯೇ ಇರಲಿಲ್ಲವಲ್ಲ ಅಂತ ಅಣ್ಣ ಇಬ್ಬರಿಗೆ ಫೋನೂ ಮಾಡಿದ. ಷರಾ ಅಂಕಣದಲ್ಲಿ ಬಹಳ ಜನರ ಮುಂದೆ ಕೆ, ಓ, ಎಲ್, ಇ ಎಂಬ ನಾಲ್ಕು ಅಕ್ಷರ. ನಾನು ಅದನ್ನು 'ಕೊಲೆ' ಅಂತ ಓದಿ ನಕ್ಕು ಬಿಟ್ಟಿದ್ದೆ.

ನಾನು ಯಂತ್ರ ಜೋಡಿಸಲು ಊರಿಗೆ ಹೋಗಿದ್ದ ದಿನವೇ ಆ ಇಬ್ಬರಲ್ಲಿ ಒಬ್ಬರು ಮಂಡಿಗೆ ಬಂದರು. ಎಪ್ಪತ್ತೈದು ದಾಟಿದವರು. ಬೆಂಚಿನ ಮೇಲೆ ಕೂರಲಿಲ್ಲ. ಅಂಗಿಯ ಒಳಜೇಬಿನಿಂದ ಕಾಗದದಲ್ಲಿ ಸುತ್ತಿದ ಹದಿನೆಂಟು ಸಾವಿರ ತೆಗೆದು ಮೇಜಿನ ಮೇಲಿಟ್ಟು, "ಮಗನ ಹತ್ರ ಇಸ್ಕೊಂಡು ಬಂದೆ, ಬಡ್ಡಿ ಎಷ್ಟಾಯ್ತು ಹೇಳಿ" ಅಂದರು. ದೊಡ್ಡಪ್ಪ ಅವರ ಮುಖ ನೋಡಿದರು, ಅಣ್ಣನ ಮುಖ ನೋಡಿದರು, ಆಮೇಲೆ ನನ್ನದು. ದುಡ್ಡನ್ನು ಹಾಗೇ ಸುತ್ತಿ ಅವರ ಜೇಬಿಗೇ ಹಾಕಿ, ಒಳಗೆ ಕರೆದುಕೊಂಡು ಹೋಗಿ ಕಾಫಿ ಕುಡಿಸಿ, ಬಸ್ಸಿನ ತನಕ ಬಿಟ್ಟು ಬಂದರು. ಬಂದವರೇ ನನ್ನನ್ನು ಕೇಳಿದ್ದು ಒಂದೇ ಮಾತು.

"ನಾನು ಅಳಿಸಿದ್ದನ್ನ ನೀ ಹ್ಯಾಂಗೆ ಓದಿದೆ?"

ಕೊಲೆಯಲ್ಲ, ಅದು ಕೊಳೆ. ತೋಟಕ್ಕೆ ಕೊಳೆರೋಗ ಬಂದು ಪೂರ್ತಿ ಫಸಲು ಉದುರಿದವರ ಕೈಗಡವನ್ನು ದೊಡ್ಡಪ್ಪ ಬಿಟ್ಟುಬಿಟ್ಟಿದ್ದರು. ಳ ಮತ್ತು ಲ ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಅಕ್ಷರ. "ಪುಸ್ತಕದಲ್ಲಿ ಹೊಡೆದು ಹಾಕಿದ್ರೆ ಗೆರೆ ಕಾಣ್ತದೆ, ನಾಳೆ ಯಾರಾದ್ರೂ ನೋಡಿ ಅವರ ಹೆಸರು ಹೇಳಿ ಆಡ್ಕೊಳ್ತಾರೆ. ಕಂಪ್ಯೂಟರಲ್ಲಿ ಅಳಿಸಿದ್ರೆ ಗುರುತೇ ಇರೋಲ್ಲ ಅಂತ ಆ ಪ್ರೋಗ್ರಾಮ್ ಮಾಡಿದವನೇ ಹೇಳಿದ್ದ" ಅಂದರು.

ಗುರುತು ಇರುತ್ತದೆ. ಡಿಬಿಎಫ್‌ನಲ್ಲಿ ದಾಖಲೆ ಅಳಿಸಿದರೆ ಅದರ ಮುಂದಿನ ಖಾಲಿ ಬೈಟಿನಲ್ಲಿ ಒಂದು ನಕ್ಷತ್ರ ಬೀಳುತ್ತದೆ, ಅಷ್ಟೇ. ಫಾಕ್ಸ್‌ಪ್ರೊ ನಕ್ಷತ್ರ ನೋಡಿ ಮುಂದೆ ಹೋಗುತ್ತದೆ, ನನ್ನ ಪೈಥಾನ್ ನಕ್ಷತ್ರವನ್ನು ನೋಡಲೇ ಇಲ್ಲ. ನಿಜಕ್ಕೂ ತೆಗೆಯಬೇಕೆಂದರೆ ಪ್ಯಾಕ್ ಎಂಬ ಇನ್ನೊಂದು ಆಜ್ಞೆ ಕೊಡಬೇಕು, ಆ ಏಳು ಆಯ್ಕೆಗಳಲ್ಲಿ ಅದು ಇರಲಿಲ್ಲ. ಡಾಸ್ ಮಾಡುವುದೂ ಇದನ್ನೇ. ಫೈಲ್ ಅಳಿಸಿ ಎಂದರೆ ಹೆಸರಿನ ಮೊದಲ ಅಕ್ಷರವನ್ನು ಅಳಿಸಿ ಅಲ್ಲಿ 229 ಎಂಬ ಬೈಟ್ ಬರೆದು, ಅದರ ಜಾಗ ಖಾಲಿಯೆಂದು ಗುರುತಿಸಿಕೊಳ್ಳುತ್ತದೆ, ಒಳಗಿನದೆಲ್ಲ ಹಾಗೇ ಇರುತ್ತದೆ. ಪೀಟರ್ ನಾರ್ಟನ್ 1982ರಲ್ಲಿ ಹೆಸರು ಮಾಡಿದ್ದೇ ಇಂಥ ಫೈಲುಗಳನ್ನು ಎಬ್ಬಿಸುವ ಪ್ರೋಗ್ರಾಮಿನಿಂದ. 1991ರ ಡಾಸ್ 5ರಲ್ಲಿ ಅನ್‌ಡಿಲೀಟ್ ಬಂದಾಗ ಅದು ಬಳಕೆದಾರನನ್ನು, ಮೊದಲ ಅಕ್ಷರ ಯಾವುದಿತ್ತು ಅಂತ ಕೇಳುತ್ತಿತ್ತು. ಉಳಿದದ್ದೆಲ್ಲ ಅದಕ್ಕೆ ಗೊತ್ತು!

229 ಯಾಕೆ? ಐಬಿಎಂನ ಹಳೆಯ ಎಂಟು ಇಂಚಿನ ಫ್ಲಾಪಿಗಳು ಫಾರ್ಮ್ಯಾಟ್ ಆಗಿ ಬರುವಾಗ ತುಂಬಾ ಅದೇ ಬೈಟ್ ತುಂಬಿರುತ್ತಿತ್ತು. ಕಿಲ್ಡಾಲ್ ಅದನ್ನೇ 'ಖಾಲಿ' ಅಂತ ಇಟ್ಟುಕೊಂಡರು, ಡಾಸಿಗೂ ಅದೇ ಬಂತು. ಜಪಾನೀ ಫೈಲು ಹೆಸರುಗಳು ಆ ಬೈಟಿನಿಂದ ಶುರುವಾಗುವ ಸಂದರ್ಭ ಇದ್ದದ್ದರಿಂದ, ಅವರಿಗಾಗಿ ಅದರ ಬದಲು 5 ಬರೆಯುವ ಏರ್ಪಾಟನ್ನು ಆಮೇಲೆ ಸೇರಿಸಿದರು. ಜಪಾನೀಯರ ಸಂಕಟ ಮೈಕ್ರೋಸಾಫ್ಟಿನ ತನಕ ಮುಟ್ಟಿತ್ತು. ನಮ್ಮ ಳಕಾರ ಮುಟ್ಟಿರಲಿಲ್ಲ.

ಇದನ್ನೆಲ್ಲ ದೊಡ್ಡಪ್ಪನಿಗೆ ವಿವರಿಸಿದೆ. ಪೂರ್ತಿ ಕೇಳಿದರು. "ಹಾಗಾದ್ರೆ ಪೂರ್ತಿ ತೆಗಿ" ಅಂದರು. ಒಂದೊಂದೇ ವರ್ಷದ ಫೈಲು ತೆರೆದು ಪ್ಯಾಕ್ ಕೊಡುತ್ತ ಹೋದೆ, ಅವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಕ್ಸೆಲ್ ಪಟ್ಟಿಯನ್ನು ಅಣ್ಣ ತಾನೇ ಅಳಿಸಿದ, ಬ್ಯಾಕಪ್ ಪೆನ್ ಡ್ರೈವಿನ ಮೇಲೆ ಸೊನ್ನೆ ತುಂಬಿದೆ. ಫೋನ್ ಹೋಗಿದ್ದ ಇನ್ನೊಬ್ಬರ ಮನೆಗೆ ಮರುದಿನ ನಾನೂ ಅಣ್ಣನೂ ಹೋಗಿ, ಕಂಪ್ಯೂಟರಿನದ್ದು ತಪ್ಪಾಗಿತ್ತು ಅಂತ ಹೇಳಿ ಬಂದೆವು. ಕಂಪ್ಯೂಟರಿನದಲ್ಲ ಅಂತ ನಮಗಿಬ್ಬರಿಗೂ ಗೊತ್ತಿತ್ತು.

ಉಳಿದದ್ದು ಟಿಕ್ ಟಿಕ್ ಅನ್ನುತ್ತಿದ್ದ ಹಳೆಯ ಹಾರ್ಡ್ ಡಿಸ್ಕು, ಅದು ನನ್ನ ಬ್ಯಾಗಿನಲ್ಲೇ ಇತ್ತು. ಅದರಲ್ಲೂ ಆ ಹೆಸರುಗಳು ಇರುತ್ತವಾ ಅಂತ ದೊಡ್ಡಪ್ಪ ಕೇಳಿದರು. ಇರುತ್ತವೆ ಅಂದೆ. ಹಿತ್ತಲಿಗೆ ತೆಗೆದುಕೊಂಡು ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ಸುತ್ತಿಗೆಯಲ್ಲಿ ಅವರೇ ಒಡೆದರು. ಒಳಗಿನ ಬಿಲ್ಲೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಅದನ್ನೂ ಮಡಿಸಿದರು. ಆಮೇಲೆ ಕೈ ತೊಳೆದುಕೊಂಡು ಮಂಡಿಗೆ ಬಂದು, ಮೌಸನ್ನು ಆಚೆ ಸರಿಸಿ, 3 ಒತ್ತಿ ಎಂಟರ್ ಹೊಡೆದರು. ಹೊರಗೆ ಯಾರೋ ಚಾಲಿ ಇಳಿಸುತ್ತಿದ್ದರು.